ಕಾಗದಪತ್ರ ಬಿಡಿ, ನೆಲ ನೋಡಿ: ಡಚ್ ಹಳ್ಳಿಯಲ್ಲಿ ನಾವು ಮನೆ ಕೊಂಡ ಬಗೆ

ನೆದರ್‌ಲ್ಯಾಂಡ್ಸ್‌ನಲ್ಲಿ ಮನೆ ಕೊಳ್ಳುತ್ತೇವೆ ಅಂದರೆ ನಮ್ಮ ಕಡೆಯವರು ಮೊದಲು ಕೇಳುವುದು ದಾಖಲೆ ಬಗ್ಗೆ. ಟೈಟಲ್ ಕ್ಲಿಯರ್ ಇದೆಯಾ? ಹಿಂದಿನವರ ಸಾಲ ಇದೆಯಾ? ನಾಳೆ ಯಾರಾದರೂ ದಾಯಾದಿ ಬಂದು ತಕರಾರು ತೆಗೆದರೆ? ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಅಪ್ಪ ಸೈಟು ಕೊಳ್ಳುವಾಗ ಪಟ್ಟ ಪಾಡು ನೋಡಿದವರಿಗೆ ಈ ಭಯ ಸಹಜ. ಆದರೆ ಇಲ್ಲಿ ಆ ತಲೆನೋವನ್ನು ಬೇರೆಯವರು ಹೊತ್ತುಕೊಳ್ಳುತ್ತಾರೆ. ನಾವು ನೋಡಬೇಕಾದ್ದೇ ಬೇರೆ. ಮನೆಯ ಕೆಳಗೆ ಎಂಥ ಮಣ್ಣಿದೆ, ತಲೆ ಮೇಲೆ ವಿಮಾನ ಹಾರುತ್ತದಾ, ಆ ಮನೆಯಲ್ಲಿ ವರ್ಷಪೂರ್ತಿ ಇರೋಕೆ ಕಾನೂನು ಬಿಡುತ್ತದಾ.

ನಾನೂ ನನ್ನ ಗಂಡನೂ 2024ರಲ್ಲಿ ಎಗ್ಮಂಡ್-ಬಿನ್ನನ್ ಎಂಬ ಹಳ್ಳಿಯಲ್ಲಿ ಮನೆ ಕೊಂಡೆವು. ಉತ್ತರ ಹಾಲೆಂಡ್ ಪ್ರಾಂತ್ಯದಲ್ಲಿ ಮೂರು ಎಗ್ಮಂಡ್‌ಗಳಿವೆ. ಎಗ್ಮಂಡ್ ಆನ್ ಝೇ ಸಮುದ್ರಕ್ಕೆ ಅಂಟಿಕೊಂಡಿದೆ, ಬೇಸಿಗೆ ಬಂದರೆ ಕಾಲಿಡಲು ಜಾಗ ಇರಲ್ಲ. ನಮ್ಮದು ಮರಳುದಿಬ್ಬಗಳ ಹಿಂದೆ ಅಡಗಿರುವ ಊರು. ಒಂದು ಬೆನೆಡಿಕ್ಟೈನ್ ಮಠ, ಸುತ್ತ ಹೂಗೆಡ್ಡೆಯ ಹೊಲಗಳು, ಅಷ್ಟೇ. ಸಮುದ್ರ ನೋಡಬೇಕೆಂದರೆ ದಿಬ್ಬಗಳ ನಡುವೆ ಸೈಕಲ್ ತುಳಿಯಬೇಕು. ಕಾಸ್ಟ್ರಿಕಮ್ ಸ್ಟೇಷನ್‌ಗೂ ಸೈಕಲ್ಲೇ, ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್‌ಗೆ ರೈಲಿನಲ್ಲಿ ಅರ್ಧ ಗಂಟೆ ಆಸುಪಾಸು. ತತ್ವಜ್ಞಾನಿ ಡೆಕಾರ್ಟ್ 1644ರಿಂದ 1649ರವರೆಗೆ ಇದೇ ಊರಿನಲ್ಲಿ ಇದ್ದ. ಆಮೇಲೆ ಸ್ವೀಡನ್ ರಾಣಿ ಕರೆದಳೆಂದು ಹೋದ, ಮರುವರ್ಷವೇ ಅಲ್ಲಿ ತೀರಿಕೊಂಡ. ಸುಮ್ನೆ ಇಲ್ಲೇ ಇದ್ದಿದ್ದರೆ ಇನ್ನೊಂದಿಷ್ಟು ವರ್ಷ ಬದುಕುತ್ತಿದ್ದ ಅನ್ನುವುದು ಪಕ್ಕದ ಮನೆಯವರ ತಮಾಷೆ.

ಮನೆ ಹುಡುಕುವ ಮುಂಚೆ ಸಾಲದ ಲೆಕ್ಕ ಮುಗಿಸಿಕೊಂಡೆವು. ಆಗ ಆಮ್‌ಸ್ಟೆಲ್‌ವೀನ್‌ನಲ್ಲಿ ಬಾಡಿಗೆಗಿದ್ದೆವು. ಇಲ್ಲಿ ಬ್ಯಾಂಕು ಮನೆಯ ಮೌಲ್ಯದ ಪೂರ್ತಿ ನೂರಕ್ಕೆ ನೂರು ಸಾಲ ಕೊಡಬಹುದು. ಕೇಳೋಕೆ ಚೆಂದ, ಅಲ್ವಾ? ಆದರೆ ಮೌಲ್ಯ ಅಂದರೆ ಮನೆಗೆ ಬೆಲೆ ಕಟ್ಟುವ ಮಾಪಕರು ಬರೆದುಕೊಟ್ಟ ಮೌಲ್ಯ, ನಾವು ಕೂಗಿದ ಬೆಲೆ ಅಲ್ಲ. ಅದಕ್ಕಿಂತ ಜಾಸ್ತಿ ಕೂಗಿದರೆ ಹೆಚ್ಚಿನ ಹಣ ಕೈಯಿಂದಲೇ ಹೋಗಬೇಕು. ಆಸ್ತಿ ವರ್ಗಾವಣೆ ತೆರಿಗೆ, ನೋಟರಿ, ಸಾಲದ ಸಲಹೆಗಾರರ ಫೀಸು, ಮಾಪಕರ ಫೀಸು, ಎಲ್ಲವೂ ಕೈಯಿಂದಲೇ. ಜಾಹೀರಾತಿನಲ್ಲಿ ಬೆಲೆಯ ಮುಂದೆ ‘ಕೆ.ಕೆ.’ ಅಂತ ಇದ್ದರೆ ವರ್ಗಾವಣೆ ತೆರಿಗೆ, ನೋಟರಿಯಂಥ ಖರ್ಚು ಕೊಳ್ಳುವವರ ತಲೆಗೆ ಎಂದರ್ಥ. ಹಳೇ ಮನೆಗಳೆಲ್ಲ ಹೆಚ್ಚುಕಡಿಮೆ ಹೀಗೇ.

ವಾಸಕ್ಕೆ ಕೊಳ್ಳುವ ಮನೆಗೆ ವರ್ಗಾವಣೆ ತೆರಿಗೆ ಶೇ. 2. ಮೂವತ್ತೈದು ತುಂಬದವರಿಗೆ ಒಂದು ಸಲ ಪೂರ್ತಿ ವಿನಾಯಿತಿ ಇದೆ, ಆದರೆ ಮನೆಯ ಬೆಲೆ ಮಿತಿಯೊಳಗಿರಬೇಕು. 2024ರಲ್ಲಿ ಆ ಮಿತಿ 5,10,000 ಯೂರೋ ಇತ್ತು. ನನಗೆ ಇನ್ನೂ ಮೂವತ್ತೈದು ಆಗಿರಲಿಲ್ಲ, ಗಂಡನಿಗೆ ಆಗಿತ್ತು. ಹಾಗಾಗಿ ನನ್ನ ಅರ್ಧ ಪಾಲಿಗೆ ತೆರಿಗೆ ಇಲ್ಲ, ಅವರ ಅರ್ಧಕ್ಕೆ ಉಂಟು. ಲೆಕ್ಕಕ್ಕೆ ಬರುವುದು ನೋಟರಿ ಮುಂದೆ ಸಹಿ ಹಾಕುವ ದಿನದ ವಯಸ್ಸು. ಹುಟ್ಟುಹಬ್ಬ ಹತ್ತಿರ ಇರುವವರು ತಾರೀಖು ನೋಡಿಕೊಳ್ಳಿ.

ಒಂದು ಬ್ಯಾಂಕು ನಮ್ಮ ರೆಸಿಡೆನ್ಸ್ ಪರ್ಮಿಟ್ ತಾತ್ಕಾಲಿಕ ಅಂತ ಮೂಗು ಮುರಿಯಿತು. ಇನ್ನೊಂದು ಅದೇ ಫೈಲನ್ನು ಸಲೀಸಾಗಿ ಒಪ್ಪಿಕೊಂಡಿತು. ಅದಕ್ಕೇ ನೇರವಾಗಿ ಬ್ಯಾಂಕಿಗೆ ಹೋಗುವ ಬದಲು ಹಲವು ಬ್ಯಾಂಕುಗಳ ಜೊತೆ ಕೆಲಸ ಮಾಡುವ ಸಲಹೆಗಾರರನ್ನು ಹಿಡಿಯುವುದು ವಾಸಿ. ಬಡ್ಡಿಯನ್ನು 20 ವರ್ಷಕ್ಕೆ ಕಟ್ಟಿಹಾಕಿಸಿದೆವು. ಊರಲ್ಲಿ ರೆಪೋ ರೇಟ್ ಏರಿದಾಗೆಲ್ಲ ಇಎಂಐ ಏರುವುದನ್ನು ಕಂಡವಳು ನಾನು, ಈ ವಿಷಯದಲ್ಲಿ ಡಚ್ಚರು ಬುದ್ಧಿವಂತರು ಅನ್ನಿಸಿತು.

ಇನ್ನು ಹುಡುಕಾಟ. ಎಲ್ಲರೂ ನೋಡುವುದು ಫಂಡಾ ಎಂಬ ಮನೆ ಮಾರಾಟದ ಜಾಲತಾಣ. ಕರಾವಳಿಯ ಹಳ್ಳಿಗಳಲ್ಲಿ ಅಲ್ಲಲ್ಲಿ ಅರ್ಧ ಬೆಲೆಗೆ ಮುದ್ದಾದ ಮರದ ಮನೆ ಕಾಣಿಸುತ್ತದೆ. ಕಣ್ಣು ಮುಚ್ಚಿ ಫೋನ್ ಮಾಡಬೇಡಿ. ಅವುಗಳಲ್ಲಿ ಬಹುಪಾಲು ರಜೆಮನೆಗಳು, ರೆಕ್ರಿಯಾಟ್ಸಿವೋನಿಂಗ್ ಎನ್ನುತ್ತಾರೆ. ಸಾಮಾನ್ಯವಾಗಿ ಅಲ್ಲಿ ಕಾಯಂ ವಾಸ ಮಾಡುವಂತಿಲ್ಲ, ಮಾಡಿದರೆ ಪುರಸಭೆ ದಂಡ ಹಾಕಬಹುದು. ಬ್ಯಾಂಕುಗಳೂ ಅವಕ್ಕೆ ಸುಲಭದಲ್ಲಿ ಸಾಲ ಕೊಡಲ್ಲ. ಯಾವ ಜಾಗದಲ್ಲಿ ಏನು ಮಾಡಬಹುದು ಅನ್ನುವುದು ಪುರಸಭೆಯ ಯೋಜನೆಯಲ್ಲಿ ಇರುತ್ತದೆ. 2024ರ ಜನವರಿಯಲ್ಲಿ ಹೊಸ ಪರಿಸರ-ಯೋಜನಾ ಕಾನೂನು ಬಂದ ಮೇಲೆ ಇದನ್ನೆಲ್ಲ ಓಮ್‌ಗೇವಿಂಗ್ಸ್‌ಲೊಕೆಟ್ ಎಂಬ ಸರ್ಕಾರಿ ಜಾಲತಾಣದಲ್ಲಿ ವಿಳಾಸ ಹಾಕಿ ನೋಡಬಹುದು. ನಾವು ಮನೆ ನೋಡಲು ಹೋಗುವ ಮುಂಚೆ ಇದೇ ಮೊದಲ ಕೆಲಸ ಮಾಡುತ್ತಿದ್ದೆವು.

ಎರಡನೆಯದು ಮಣ್ಣು. ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು. ಈ ದೇಶದ ಪಶ್ಚಿಮ ಭಾಗದ ಬಹುಪಾಲು ನೆಲ ಜೇಡಿ ಇಲ್ಲವೇ ಪೀಟ್, ಅಂದರೆ ಕೊಳೆತ ಗಿಡಗಂಟಿಯ ಸ್ಪಂಜಿನಂಥ ಮಣ್ಣು. ಅದರ ಮೇಲಿನ ಎಷ್ಟೋ ಹಳೇ ಮನೆಗಳು ಮರದ ಕಂಬಗಳ ಮೇಲೆ ನಿಂತಿವೆ. ಕಂಬದ ತಲೆ ನೀರಿನಲ್ಲಿ ಮುಳುಗಿರುವವರೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಅಂತರ್ಜಲ ಇಳಿದು ಗಾಳಿ ತಾಗಿತೋ, ಶಿಲೀಂಧ್ರ ಹತ್ತಿ ಕೊಳೆಯಲು ಶುರು. ಅಡಿಪಾಯ ಸರಿಮಾಡಿಸುವ ಖರ್ಚು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಕರಾವಳಿಗೆ ಸಮಾನಾಂತರವಾಗಿ, ಸಾವಿರಾರು ವರ್ಷ ಹಿಂದೆ ಸಮುದ್ರವೇ ಹಾಕಿಹೋದ ಮರಳಿನ ಏರುಗಳಿವೆ. ಹೈಲೋ, ಲಿಮ್ಮನ್, ಕಾಸ್ಟ್ರಿಕಮ್ ಎಲ್ಲ ಕುಳಿತಿರುವುದು ಅಂಥ ಏರುಗಳ ಮೇಲೆ. ಮರಳಿನ ಮೇಲೆ ಕಂಬ ಬೇಡ, ಗೋಡೆಯನ್ನು ನೇರವಾಗಿ ನೆಲದ ಮೇಲೆ ಎಬ್ಬಿಸಬಹುದು. ಊರಲ್ಲಿ ‘ಮರಳ ಮೇಲೆ ಮನೆ ಕಟ್ಟಿದ ಹಾಗೆ’ ಅಂತ ಆಡಿಕೊಳ್ಳುತ್ತೇವಲ್ಲ, ಇಲ್ಲಿ ಉಲ್ಟಾ, ಮರಳೇ ಗಟ್ಟಿ. ಒಂದೆರಡು ಕಿಲೋಮೀಟರ್ ಪೂರ್ವಕ್ಕೆ ಸರಿದರೆ ಮತ್ತೆ ತಗ್ಗು, ಕಾಲುವೆ, ಮೆತ್ತನೆ ಮಣ್ಣು. ಎಎಚ್‌ಎನ್ ಎಂಬ ಎತ್ತರದ ನಕ್ಷೆ ಎಲ್ಲರಿಗೂ ಉಚಿತ. ಅದರಲ್ಲಿ ಆ ಏರುಗಳು ಬಣ್ಣದಲ್ಲಿ ಎದ್ದು ಕಾಣುತ್ತವೆ. ಅದನ್ನು ನೋಡಿಯೇ ನಾವು ಹಳ್ಳಿಗಳ ಪಟ್ಟಿ ಚಿಕ್ಕದು ಮಾಡಿಕೊಂಡಿದ್ದು.

ಶಾಂತ ಹಳ್ಳಿ ಅನ್ನುವುದನ್ನು ಕಿವಿಯಿಂದ ಪರೀಕ್ಷೆ ಮಾಡಬೇಕು. ಸ್ಕಿಪೋಲ್ ವಿಮಾನ ನಿಲ್ದಾಣದ ಪೋಲ್ಡರ್‌ಬಾನ್ ಎಂಬ ರನ್‌ವೇ 2003ರಲ್ಲಿ ಶುರುವಾಯಿತು. ಅದಕ್ಕೆ ಉತ್ತರದಿಂದ ಇಳಿಯುವ ವಿಮಾನಗಳು ಈ ಕಡೆಯ ಊರುಗಳ ಮೇಲೇ ಬರುತ್ತವೆ. ಗಾಳಿಯ ದಿಕ್ಕು ನೋಡಿ ರನ್‌ವೇ ಬದಲಾಗುತ್ತದೆ, ಆದ್ದರಿಂದ ಒಂದು ಭಾನುವಾರ ಹೋಗಿ ‘ಆಹಾ, ಎಷ್ಟು ನಿಶ್ಶಬ್ದ’ ಅಂದುಕೊಂಡು ಬಂದರೆ ಪ್ರಯೋಜನವಿಲ್ಲ. ನಾವು ಬೇರೆ ಬೇರೆ ಗಾಳಿಯಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಬೀದಿಯಲ್ಲಿ ನಿಂತು ಕೇಳಿಸಿಕೊಂಡೆವು. ನಾಯಿ ಓಡಾಡಿಸುತ್ತಿದ್ದ ಅಜ್ಜಿಯೊಬ್ಬರು ಅನುಮಾನದಿಂದ ನೋಡಿ, ವಿಷಯ ತಿಳಿದ ಮೇಲೆ ಅರ್ಧ ಊರಿನ ಕಥೆ ಹೇಳಿದರು. ಹೂವಿನ ಹೊಲದ ಪಕ್ಕದ ಮನೆ ಫೋಟೋದಲ್ಲಿ ಚೆಂದ, ಆದರೆ ಹೂಗೆಡ್ಡೆಗೆ ಔಷಧಿ ಹೊಡೆಯುವುದು ಇಲ್ಲಿ ದೊಡ್ಡ ಜಗಳದ ವಿಷಯ. ಹೊಲಕ್ಕೆ ತಾಗಿದ ಮನೆಗಳನ್ನು ನಾನಂತೂ ಬಿಟ್ಟೆ.

ಬೆಲೆ ಕೂಗುವುದು ಇಲ್ಲಿ ಕಣ್ಣು ಕಟ್ಟಿ ಹರಾಜು ಕೂಗಿದ ಹಾಗೆ. ಬೇರೆಯವರು ಎಷ್ಟು ಬರೆದರೆಂದು ಗೊತ್ತಾಗಲ್ಲ, ಮುಚ್ಚಿದ ಲಕೋಟೆ ಲೆಕ್ಕ. ಮಾರುವವರ ಪರ ಇರುವ ಏಜೆಂಟ್, ಇಲ್ಲಿಯವರ ಬಾಯಲ್ಲಿ ಮಾಕೆಲಾರ್, ಎಷ್ಟು ನಗುನಗುತ್ತಾ ಕಾಫಿ ಕೊಟ್ಟರೂ ಅವರ ಕೆಲಸ ಮಾರುವವರಿಗೆ ಜಾಸ್ತಿ ಬೆಲೆ ತರುವುದು. ನಮ್ಮ ಪರ ಬೇರೆ ಮಾಕೆಲಾರ್ ಇಡಬೇಕೆಂಬ ಕಡ್ಡಾಯ ಇಲ್ಲ. ಕೆಲವು ಮನೆ ಕೈತಪ್ಪಿದ ಮೇಲೆ ನಾವು ಇಟ್ಟುಕೊಂಡೆವು. ಹಳ್ಳಿಯಲ್ಲಿ ಅದು ಲಾಭವೇ ಆಯಿತು. ಆ ಬೀದಿಯಲ್ಲಿ ಇತ್ತೀಚೆಗೆ ಯಾವ ಮನೆ ಎಷ್ಟಕ್ಕೆ ಹೋಯಿತು ಅನ್ನುವುದು ಆಕೆಗೆ ಬಾಯಿಪಾಠ. ಮಾರುವ ಹಿರಿಯ ದಂಪತಿಗೆ ಹಣಕ್ಕಿಂತ ಜಾಸ್ತಿ ಬೇಕಾಗಿದ್ದು ಮನೆ ಬಿಡಲು ಸಮಯ ಎಂದು ಪತ್ತೆ ಮಾಡಿದ್ದೂ ಆಕೆಯೇ. ನಾವು ಹಸ್ತಾಂತರದ ತಾರೀಖನ್ನು ಅವರಿಗೇ ಬಿಟ್ಟೆವು. ಕೇಳಿದ ಬೆಲೆಗಿಂತ ಸ್ವಲ್ಪ ಮೇಲೆ ಕೊಟ್ಟೆವು, ಮನೆ ಸಿಕ್ಕಿತು.

ಸಿಕ್ಕಿತು ಅಂದರೆ ಬಾಯಿಮಾತಿನಲ್ಲಿ. ಎರಡೂ ಕಡೆಯವರು ಸಹಿ ಹಾಕುವವರೆಗೆ ಯಾರೂ ಬದ್ಧರಲ್ಲ. ಸಹಿ ಆಗಿ ಪ್ರತಿ ನಮ್ಮ ಕೈಗೆ ಬಂದ ಮೇಲೆ ಕೊಳ್ಳುವವರಿಗೆ ಮೂರು ದಿನ ಯೋಚಿಸುವ ಕಾಲ ಇದೆ. ಆ ಮೂರರಲ್ಲಿ ಎರಡಾದರೂ ಕೆಲಸದ ದಿನ ಆಗಿರಬೇಕು. ಅಷ್ಟರೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು. ಮಾರುವವರಿಗೆ ಈ ಸೌಲಭ್ಯ ಇಲ್ಲ. ಆಮೇಲೆ ಹಿಂದೆ ಸರಿದರೆ ಸಾಮಾನ್ಯವಾಗಿ ಬೆಲೆಯ ಶೇ. 10 ದಂಡ. ಅದಕ್ಕೇ ಎರಡು ಷರತ್ತು ಬರೆಸಿದೆವು: ಸಾಲ ಸಿಗದಿದ್ದರೆ ಬಿಡುಗಡೆ, ತಪಾಸಣೆಯಲ್ಲಿ ಇಂತಿಷ್ಟು ಯೂರೋಗಿಂತ ಜಾಸ್ತಿ ರಿಪೇರಿ ಕಂಡರೆ ಬಿಡುಗಡೆ. ಪೈಪೋಟಿಯಲ್ಲಿ ಗೆಲ್ಲಲು ಕೆಲವರು ಇವನ್ನು ಬಿಟ್ಟುಕೊಡುತ್ತಾರೆ. ನಮಗೆ ಆ ಧೈರ್ಯ ಇರಲಿಲ್ಲ, ಇರಬೇಕಾಗಿಯೂ ಇಲ್ಲ.

ತಪಾಸಣೆ ಮಾಡುವವರು ಬಂದು ಮೊದಲು ಮಾಡಿದ ಕೆಲಸ ಮುಂಬಾಗಿಲ ಒಳಗಿನ ಕಾಲೊರೆಸುವ ಮ್ಯಾಟ್ ಎತ್ತಿದ್ದು. ಅದರಡಿ ಹಲಗೆಯ ಮುಚ್ಚಳ. ಅದನ್ನು ತೆಗೆದರೆ ಮನೆಯ ಅಡಿಯಲ್ಲಿ ಒಬ್ಬರು ತೆವಳುವಷ್ಟು ಜಾಗ. ಟಾರ್ಚ್ ಹಿಡಿದು ಹೊಟ್ಟೆಯ ಮೇಲೆ ಇಳಿದೇಬಿಟ್ಟರು. ನಾನೂ ಬಗ್ಗಿ ನೋಡಿದೆ. ಬಿಳಿ ಮರಳು, ಜೇಡರ ಬಲೆ, ಪೈಪುಗಳು, ಯಾರೋ ಬಿಟ್ಟುಹೋದ ಒಂದು ಇಟ್ಟಿಗೆ. ಒಂದು ಹಿಡಿ ಮರಳು ತಂದು ನನ್ನ ಅಂಗೈಗೆ ಸುರಿದು ‘ಒಣಗಿದೆ, ನೋಡಿ’ ಅಂದರು. ಬೆರಳ ಸಂದಿಯಿಂದ ಪೂರ್ತಿ ಜಾರಿಹೋಯಿತು. ಎಪ್ಪತ್ತರ ದಶಕದ ಸಾಲುಮನೆ, ಗೋಡೆಯ ಪೊಳ್ಳಿನಲ್ಲಿ ಇನ್ಸುಲೇಷನ್ ಇಲ್ಲ, ಹಿತ್ತಿಲ ಶೆಡ್ಡಿನ ಛಾವಣಿ ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಶೀಟು. ಕಲ್ನಾರು ಇಲ್ಲಿ 1993ರಿಂದ ನಿಷೇಧ, ಆದರೆ ಹಳೆಯದು ಬೇಕಾದಷ್ಟಿದೆ. ಇವೆಲ್ಲ ನಮ್ಮ ಷರತ್ತಿನ ಮಿತಿಯೊಳಗೇ ಇದ್ದವು.

ಇಷ್ಟು ಹೊತ್ತಿಗೆ ಮೈಸೂರಿನಿಂದ ಅಪ್ಪ ದಿನಾ ಫೋನ್. ‘ಇಸಿ ತೆಗೆಸಿದ್ಯೇನಮ್ಮಾ? ಮದರ್ ಡೀಡ್ ನೋಡಿದ್ರಾ?’ ಇಲ್ಲಿ ಅದನ್ನೆಲ್ಲ ನೋಡುವುದು ನೋಟರಿ. ಊರಲ್ಲಿ ಕೋರ್ಟ್ ಮುಂದೆ ಸೀಲು ಒತ್ತುವ ನೋಟರಿ ಅಲ್ಲ, ಸರ್ಕಾರವೇ ನೇಮಿಸಿದ ಕಾನೂನು ಅಧಿಕಾರಿ. ಭೂದಾಖಲೆ ಇಲಾಖೆಯಾದ ಕಾಡಾಸ್ಟರ್‌ನಲ್ಲಿ ಸಾಲ, ಜಪ್ತಿ, ದಾರಿಹಕ್ಕು ಇದೆಯೇ ಎಂದು ಅವರೇ ಹುಡುಕುತ್ತಾರೆ. ನಮ್ಮ ಹಣ ಮೊದಲು ಅವರ ಪ್ರತ್ಯೇಕ ಖಾತೆಗೆ ಹೋಗುತ್ತದೆ. ಅದರಿಂದ ಮಾರುವವರ ಹಳೇ ಸಾಲ ತೀರಿಸಿ, ಉಳಿದದ್ದನ್ನು ಅವರಿಗೆ ಕೊಟ್ಟು, ಪತ್ರ ನೋಂದಾಯಿಸುತ್ತಾರೆ. ಡಚ್ ಸರಿಯಾಗಿ ಬಾರದವರಿಗೆ ಅನುವಾದಕರು ಬೇಕೇ ಬೇಕು, ಅವರ ಫೀಸು ಲೆಕ್ಕದಲ್ಲಿಟ್ಟುಕೊಳ್ಳಿ. ಊರಿಂದ ಹಣ ತರಿಸುವವರು ಅದು ಎಲ್ಲಿಂದ ಬಂತು ಅನ್ನುವ ದಾಖಲೆ ಮೊದಲೇ ಜೋಡಿಸಿಕೊಳ್ಳಿ. ಅಪ್ಪ ಕೊಟ್ಟ ಹಣಕ್ಕೆ ಅವರ ಬ್ಯಾಂಕ್ ಸ್ಟೇಟ್‌ಮೆಂಟ್ ತನಕ ಕೇಳಿದರು.

ಅಮ್ಮನ ಪ್ರಶ್ನೆ ಒಂದೇ, ಬಾಗಿಲು ಯಾವ ದಿಕ್ಕಿಗೆ? ಇಲ್ಲಿಯವರಿಗೆ ಬಿಸಿಲಿನ ಆಸೆ. ಹಿತ್ತಿಲು ದಕ್ಷಿಣಕ್ಕಿದ್ದರೆ ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುತ್ತಾರೆ. ಸಾಲುಮನೆಯಲ್ಲಿ ಹಿತ್ತಿಲು ದಕ್ಷಿಣ ಅಂದರೆ ಮುಂಬಾಗಿಲು ಉತ್ತರ. ‘ಕುಬೇರನ ದಿಕ್ಕು, ತಗೊಳ್ಳಿ’ ಅಂದರು ಅಮ್ಮ.

ಸಹಿಯ ದಿನ ಬೆಳಗ್ಗೆ ಕೊನೆಯ ಸಲ ಮನೆ ನೋಡಿ, ಮೀಟರ್ ಓದಿ ಬರೆದುಕೊಂಡೆವು. ಏನೇನು ಬಿಟ್ಟುಹೋಗುತ್ತಾರೆ ಅನ್ನುವ ಪಟ್ಟಿ ಒಪ್ಪಂದದ ಜೊತೆಗೇ ಇರುತ್ತದೆ, ಅದನ್ನು ಸಾಲು ಸಾಲಾಗಿ ಓದಿ. ಪರದೆ, ದೀಪ, ನೆಲಹಾಸನ್ನೂ ಕಿತ್ತುಕೊಂಡು ಹೋಗುವವರಿದ್ದಾರೆ. ಈಗ ವರ್ಷಕ್ಕೊಮ್ಮೆ ಪುರಸಭೆಯ ಆಸ್ತಿ ತೆರಿಗೆ, ಕಸ ಮತ್ತು ಚರಂಡಿಯ ಶುಲ್ಕ, ಜೊತೆಗೆ ನೀರು ನಿರ್ವಹಣೆಯ ಮಂಡಳಿಯ ಬೇರೆಯದೇ ಬಿಲ್ ಬರುತ್ತದೆ. ದಿಬ್ಬದ ಕಾಡಿನಲ್ಲಿ ಓಡಾಡಲೂ ಟಿಕೆಟ್ ಬೇಕು. ಅದನ್ನು ನೋಡಿಕೊಳ್ಳುವುದು ಪಿಡಬ್ಲ್ಯುಎನ್ ಎಂಬ ಕುಡಿಯುವ ನೀರಿನ ಕಂಪನಿ, ವರ್ಷದ ಕಾರ್ಡ್ ಮಾಡಿಸಿಕೊಂಡಿದ್ದೇವೆ.

ಗೋಡೆಯ ಪೊಳ್ಳಿಗೆ ಇನ್ಸುಲೇಷನ್ ತುಂಬಿಸಿದ್ದಾಯಿತು. ಉಳಿದಿರುವುದು ಶೆಡ್ಡಿನ ಛಾವಣಿ. 35 ಚದರ ಮೀಟರ್‌ವರೆಗಿನ ಕಲ್ನಾರಿನ ಶೀಟನ್ನು ಪುರಸಭೆಗೆ ತಿಳಿಸಿ ಮನೆಯವರೇ ತೆಗೆಯಬಹುದು. ಗಂಡ ತಾವೇ ಮಾಡುತ್ತೇನೆ ಅನ್ನುತ್ತಾರೆ. ನಾನು ಕೊಟೇಷನ್ ತರಿಸಿಟ್ಟಿದ್ದೇನೆ.