ಹಿಮ ಬೀಳುವ ತೋಟದಲ್ಲಿ ಬಾಳೆ: ನನ್ನ ಅನುಭವ

ಚಳಿಗಾಲ ಕಳೆದು, ಬಾಳೆಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಬಿಚ್ಚಿದಾಗ ಮೊದಲು ಮೂಗಿಗೆ ಬಡಿದದ್ದು ಹುಳಿ ವಾಸನೆ. ಆರಡಿ ಬೆಳೆದಿದ್ದ ದಿಮ್ಮಿಯನ್ನು ಒತ್ತಿ ನೋಡಿದರೆ ಬೆರಳು ಸಲೀಸಾಗಿ ಒಳಗೆ ಇಳಿಯಿತು, ಚಹಾ ಬಣ್ಣದ ನೀರು ಮೊಣಕೈವರೆಗೆ ಹರಿಯಿತು. ಹಿಂದಿನ ಬೇಸಿಗೆಯಲ್ಲಿ ವಾರಕ್ಕೊಂದು ಎಲೆ ಬಿಟ್ಟ ಗಿಡ ಅದು. ಆ ವರ್ಷ ಚಳಿ ಅಷ್ಟೇನೂ ಬಿರುಸಾಗಿರಲಿಲ್ಲ. ಒಂದೆರಡು ರಾತ್ರಿ ಮಾತ್ರ ಮೈನಸ್ 5 ಡಿಗ್ರಿಗೆ ಇಳಿದಿತ್ತು. ಕೊಳೆಸಿದ್ದು ನಾನು ಸುತ್ತಿದ ಪ್ಲಾಸ್ಟಿಕ್. ಹಗಲು ಬಿಸಿಲು ಬಿದ್ದಾಗ ಒಳಗೆ ಬೆವರುತ್ತಿತ್ತು, ಆ ಬೆವರು ಹೊರಗೆ ಹೋಗಲು ದಾರಿಯಿಲ್ಲದೆ ಪಟ್ಟೆಗಳ ಸಂದಿಗೆ ಇಳಿದು ತಿಂಗಳುಗಟ್ಟಲೆ ಅಲ್ಲೇ ನಿಂತಿತ್ತು.

ಗಿಡ ಹೋಯಿತೆಂದುಕೊಂಡು ನೆಲಮಟ್ಟಕ್ಕೆ ಕಡಿದು ಸುಮ್ಮನಾದೆ. ಮಣ್ಣು ಬೆಚ್ಚಗಾಗಿ ಒಂದು ತಿಂಗಳು ಕಳೆದಿರಬಹುದು, ಕಡಿದ ಜಾಗದ ಬದಿಯಲ್ಲಿ ಎರಡು ಕಂದು ಮೊಳೆತವು. ಇದು ಒಂಬತ್ತು ವರ್ಷದ ಹಿಂದಿನ ಮಾತು. ಇವತ್ತು ನನ್ನ ತೋಟದಲ್ಲಿರುವ ಏಳು ಬಾಳೆಯೂ ಆ ಎರಡು ಕಂದುಗಳ ವಂಶ.

ಚಳಿ ನಾಡಿನಲ್ಲಿ ಬಾಳೆ ಬೆಳೆಸಬೇಕೆಂದಿರುವವರು ಗಿಡದ ರಚನೆಯನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಾವು ಕಾಂಡ ಎನ್ನುವುದು ಎಲೆಯ ಪಟ್ಟೆಗಳು ಒಂದರ ಮೇಲೊಂದು ಸುತ್ತಿಕೊಂಡ ಸುರುಳಿ. ಅದರಲ್ಲಿ ಶೇ. 90ರಷ್ಟು ಬರೀ ನೀರು. ಹೆಪ್ಪುಗಟ್ಟಿದರೆ ಒಡೆಯುತ್ತದೆ, ಒಡೆದರೆ ಕೊಳೆಯುತ್ತದೆ. ನಿಜವಾದ ಕಾಂಡ ನೆಲದೊಳಗಿನ ಗಡ್ಡೆ. ಎಲೆ ಹುಟ್ಟುವ ಮೊಳಕೆಯೂ ಹೂ ಬಿಡುವ ಕಾಲದವರೆಗೆ ಆ ಗಡ್ಡೆಯ ತಲೆಯಲ್ಲೇ, ಮಣ್ಣಿನ ಮಟ್ಟದಲ್ಲೇ ಇರುತ್ತದೆ. ಹಾಗಾಗಿ ಮೇಲಿನದೆಲ್ಲ ಸತ್ತರೂ ಗಿಡ ಬದುಕಿರುತ್ತದೆ. ಗಡ್ಡೆ ಉಳಿಸುವುದು ಒಂದು ಕೆಲಸ, ದಿಮ್ಮಿ ಉಳಿಸುವುದು ಇನ್ನೊಂದು. ಮೊದಲನೆಯದು ಸುಲಭ. ಎತ್ತರ ಬೇಕು, ಹೂ ನೋಡಬೇಕು ಎಂದರೆ ಮಾತ್ರ ಎರಡನೆಯದಕ್ಕೆ ಕೈ ಹಾಕಬೇಕು.

ನಾನು ಬೆಳೆಸುವುದು ಮ್ಯೂಸಾ ಬಾಸ್ಜೂ. ಜಪಾನ್ ಬಾಳೆ ಎಂದು ಕರೆದರೂ ಇದರ ಮೂಲ ದಕ್ಷಿಣ ಚೀನಾ. ಹೊದಿಕೆ ಸರಿಯಾಗಿದ್ದರೆ ಗಡ್ಡೆ ಮೈನಸ್ 12ನ್ನೂ ಅದಕ್ಕಿಂತ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ಎಲೆ ಮಾತ್ರ ಮೊದಲ ಹಿಮಕ್ಕೇ ಕಪ್ಪಾಗಿ ಜೋತುಬೀಳುತ್ತದೆ, ಅದಕ್ಕೆ ಉಪಾಯವಿಲ್ಲ. ಹಣ್ಣಿನ ಆಸೆಗೆ ಇದನ್ನು ನೆಡಬೇಡಿ. ಕಾಯಿ ಬಿಟ್ಟರೂ ಬೆರಳುದ್ದ, ತಿನ್ನುವಂಥದ್ದಲ್ಲ. ತಿನ್ನುವ ಬಾಳೆಗಳಿಗೆ ಸುಮಾರು 14 ಡಿಗ್ರಿಗಿಂತ ಕೆಳಗೆ ಬೆಳವಣಿಗೆಯೇ ನಿಂತಂತೆ. ಗೊನೆ ತುಂಬಿ ಬಲಿಯುವಷ್ಟು ದಿನ ಬಿಸಿಲು ಇಲ್ಲಿ ಸಿಗದು. ನಾನು ಬಾಳೆ ಬೆಳೆಸುವುದು ಎಲೆಗಾಗಿ: ಎದುರು ಬಿಸಿಲಲ್ಲಿ ನರನರವೂ ಕಾಣುವ ಆ ಹಸಿರಿಗಾಗಿ, ಮಳೆ ಹನಿ ಅದರ ಮೇಲೆ ಬೀಳುವ ಸದ್ದಿಗಾಗಿ.

ನೆಡುವಾಗ ನಾನು ನೋಡುವುದು ಎರಡೇ ವಿಷಯ, ಗಾಳಿ ಮತ್ತು ನೀರು. ಬಿಸಿಲು ಕಾಯುವ ಗೋಡೆಯ ಪಕ್ಕ, ಗಾಳಿ ನೇರವಾಗಿ ನುಗ್ಗದ ಮೂಲೆ ಸಿಕ್ಕರೆ ಒಳ್ಳೆಯದು. ಗಾಳಿಗೆ ಎಲೆ ಸೀಳಿದರೆ ಗಿಡಕ್ಕೇನೂ ಅಪಾಯವಿಲ್ಲ, ನೋಡುವ ಕಣ್ಣಿಗೆ ಮಾತ್ರ ಬೇಸರ. ನೀರು ನಿಲ್ಲುವ ಜಾಗ ಮಾತ್ರ ಬೇಡವೇ ಬೇಡ. ನನ್ನದು ಜಿಗುಟು ಮಣ್ಣು. ಅದಕ್ಕೆ ಒಂದಡಿ ಎತ್ತರದ ದಿಬ್ಬ ಮಾಡಿ, ದಪ್ಪ ಮರಳು, ಕಾಂಪೋಸ್ಟ್ ಬೆರೆಸಿ ಅದರ ಮೇಲೆ ನೆಟ್ಟೆ. ಕಾಲವೂ ಮುಖ್ಯ. ಹಿಮದ ಭಯ ಪೂರ್ತಿ ಹೋದ ಮೇಲೆ, ಬೇಸಿಗೆಯ ಹೊಸ್ತಿಲಲ್ಲಿ ನೆಟ್ಟರೆ ಚಳಿ ಬರುವಷ್ಟರಲ್ಲಿ ಗಡ್ಡೆ ದಪ್ಪವಾಗಿರುತ್ತದೆ. ಬೇಸಿಗೆ ಮುಗಿಯುವಾಗ ತಂದ ಗಿಡವನ್ನು ಆ ವರ್ಷ ಕುಂಡದಲ್ಲೇ ಮನೆಯೊಳಗೆ ಇಟ್ಟುಕೊಳ್ಳಿ. ಅಂಗಾಂಶ ಕೃಷಿಯ ಪುಟ್ಟ ಸಸಿಗಳಿಗಂತೂ ಇದು ಕಡ್ಡಾಯ ಎಂದೇ ಹೇಳುತ್ತೇನೆ.

ಬೇಸಿಗೆಯ ಆರೈಕೆಯಲ್ಲಿ ಹೇಳಲು ಹೆಚ್ಚಿಲ್ಲ. ಬಾಳೆ ಹೊಟ್ಟೆಬಾಕ. ಬುಡಕ್ಕೆ ಕೊಳೆತ ಗೊಬ್ಬರ ಧಾರಾಳವಾಗಿ ಹಾಕುತ್ತೇನೆ, ಒಣಹವೆಯಲ್ಲಿ ದಿನ ಬಿಟ್ಟು ದಿನ ಬುಡ ನೆನೆಯುವಂತೆ ನೀರು ಕೊಡುತ್ತೇನೆ. ಬೇಸಿಗೆಯ ಕೊನೆಗೆ ಸಾರಜನಕ ನಿಲ್ಲಿಸಿ ಪೊಟ್ಯಾಷ್ ಕೊಡುತ್ತೇನೆ, ಎಳಸಾದ ಬೆಳವಣಿಗೆ ಚಳಿಗೆ ಸಿಕ್ಕಿಕೊಳ್ಳಬಾರದೆಂದು.

ಚಳಿಗಾಲದ ಹೊದಿಕೆಯ ವಿಷಯಕ್ಕೆ ಬರುತ್ತೇನೆ. ಹೊಸಬರು ಮಾಡುವ ತಪ್ಪು ಅವಸರದ್ದು. ನಾನೂ ಅದನ್ನೇ ಮಾಡಿದ್ದೆ: ಮೊದಲ ತಣ್ಣನೆ ಗಾಳಿ ಬೀಸಿದ ಕೂಡಲೇ ಸುತ್ತಿಬಿಟ್ಟೆ. ಈಗ ಹಾಗಲ್ಲ. ಮೊದಲ ಹಿಮ ಬಿದ್ದು ಎಲೆಗಳು ಕಪ್ಪಾಗುವವರೆಗೆ ಕಾಯುತ್ತೇನೆ. ಆಮೇಲೆ ಎರಡು ದಿನ ಒಣಹವೆ ಇರುವುದನ್ನು ನೋಡಿ, ಎಲೆಗಳನ್ನೆಲ್ಲ ಬುಡಸಮೇತ ಕತ್ತರಿಸಿ, ದಿಮ್ಮಿಯನ್ನು ನಾಲ್ಕೂವರೆ ಅಡಿಗೆ ಮಟ್ಟಮಾಡುತ್ತೇನೆ. ಕತ್ತರಿಸಿದ ಬಾಯಿಂದ ಸೊನೆ ಸುರಿಯುತ್ತದೆ, ಹಳೆಯ ಬಟ್ಟೆ ಹಾಕಿಕೊಂಡೇ ಈ ಕೆಲಸಕ್ಕೆ ಇಳಿಯಿರಿ, ಬಾಳೆ ಕರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಒಂದು ದಿನ ಹಾಗೇ ಬಿಟ್ಟು ಗಾಯ ಆರಲು ಕೊಡುತ್ತೇನೆ.

ಮರುದಿನ ದಿಮ್ಮಿಯ ಸುತ್ತ ಒಂದೊಂದಡಿ ಜಾಗ ಬಿಟ್ಟು ನಾಲ್ಕು ಗೂಟ ನೆಟ್ಟು, ತಂತಿ ಬಲೆ ಸುತ್ತಿ ಪಂಜರ ಮಾಡುತ್ತೇನೆ. ಒಳಗೆ ಒಣಹುಲ್ಲು ತುಂಬುವುದು. ಇಲ್ಲಿ ಕೈಯ ಹದ ಬೇಕು. ಬಿಗಿಯಾಗಿ ತುರುಕಿದರೆ ಗಾಳಿಗೆ ಜಾಗವಿರದು, ಸಡಿಲ ಬಿಟ್ಟರೆ ಒಂದು ಮಳೆಗೆ ಕುಸಿದು ಮೇಲಿನ ಅರ್ಧ ಬೆತ್ತಲೆಯಾಗುತ್ತದೆ. ಹುಲ್ಲಿಗೆ ತನ್ನದೇ ಬಿಸಿಯಿಲ್ಲ. ನೆಲದಿಂದ ನಿಧಾನಕ್ಕೆ ಏರುವ ಕಾವನ್ನು ತನ್ನೊಳಗಿನ ಗಾಳಿಯಲ್ಲಿ ಹಿಡಿದಿಡುವುದಷ್ಟೇ ಅದರ ಕೆಲಸ. ಆದ್ದರಿಂದ ಪಂಜರದ ತಳ ಮಣ್ಣಿಗೆ ತೆರೆದೇ ಇರಬೇಕು, ಹುಲ್ಲು ಒಣಗಿಯೇ ಇರಬೇಕು. ಒದ್ದೆ ಹುಲ್ಲು ಚಳಿ ತಡೆಯುವುದಿಲ್ಲ, ತಂಪು ಬಟ್ಟೆಯ ಹಾಗೆ ಶಾಖ ಎಳೆದುಕೊಳ್ಳುತ್ತದೆ. ಹೊರಗಡೆ ತೋಟದ ಬಿಳಿ ಉಸಿರಾಡುವ ಬಟ್ಟೆ ಸುತ್ತಿ, ತಲೆಯ ಮೇಲೆ ಮಾತ್ರ ಮಳೆ ಇಳಿಯದಂತೆ ಓರೆಯಾಗಿ ಒಂದು ಹಲಗೆ ಇಡುತ್ತೇನೆ. ಹಲಗೆಗೂ ಹುಲ್ಲಿಗೂ ನಡುವೆ ಒಂದು ಗೇಣು ಖಾಲಿ. ಬೆವರು ಹೋಗುವ ದಾರಿ ಅದು. ಬುಡದ ಸುತ್ತ ಮೂರಡಿ ಅಗಲಕ್ಕೆ ಒಂದಡಿ ದಪ್ಪ ತರಗೆಲೆ. ಅದರ ಮೇಲೆ ಹಿಮ ಬಿದ್ದು ಕೂತರೆ ಕೆದಕಿ ತೆಗೆಯಬೇಡಿ, ಹಿಮವೂ ಒಂದು ಕಂಬಳಿಯೇ.

ಮೂರನೇ ವರ್ಷ ಒಂದು ಥರ್ಮಾಮೀಟರನ್ನು ಹುಲ್ಲಿನೊಳಗೆ ದಿಮ್ಮಿಗೆ ತಾಗಿಸಿ ಇಟ್ಟೆ. ಹೊರಗೆ ಮೈನಸ್ 9 ಇದ್ದ ಬೆಳಿಗ್ಗೆ ಒಳಗೆ ಮೈನಸ್ 1. ಅಂದಿನಿಂದ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿದೆ.

ಬಿಚ್ಚುವುದಕ್ಕೂ ಅವಸರ ಬೇಡ. ಮೊದಲು ತಲೆಯ ಹಲಗೆ, ಹತ್ತು ದಿನ ಬಿಟ್ಟು ಬಟ್ಟೆ, ಕೊನೆಗೆ ಹುಲ್ಲು. ಆಮೇಲೆ ದಿಮ್ಮಿಯ ಮೇಲ್ತುದಿಯನ್ನು ಹರಿತವಾದ ಚಾಕುವಿನಿಂದ ಎರಡೆರಡು ಅಂಗುಲ ಸವರುತ್ತಾ ಬರುವುದು. ಮೊದಲಿನ ಬಿಲ್ಲೆ ಮೆತ್ತಗೆ, ಕಪ್ಪಗೆ ಇರುತ್ತದೆ. ಎರಡನೆಯದರಲ್ಲಿ ಹೊರಗಿನ ಪಟ್ಟೆ ಕೊಳೆತಿದ್ದರೂ ನಡುವೆ ನಾಣ್ಯದಷ್ಟು ಬಿಳುಪು. ಮೂರನೆಯದರಲ್ಲಿ ಆ ಬಿಳುಪು ಅಂಗೈಯಷ್ಟಾಗಿ, ಮುಟ್ಟಿದರೆ ಸೌತೆಕಾಯಿಯಂತೆ ಗಟ್ಟಿ, ಅಂಚಿನಲ್ಲಿ ನೀರು ಜಿನುಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಬೆಚ್ಚಗಿನ ದಿನವಾದರೆ ಸಂಜೆ ಹೋಗಿ ನೋಡಿ: ಬೆಳಿಗ್ಗೆ ಮಟ್ಟವಾಗಿ ಕತ್ತರಿಸಿದ ಆ ಮುಖದ ನಡುವಿನಿಂದ ಸುಳಿ ಒಂದು ಬೆರಳಗಲ ಮೇಲೆದ್ದಿರುತ್ತದೆ. ಮೊದಲು ಬಿಚ್ಚುವ ಎರಡು ಮೂರು ಎಲೆಗಳ ತುದಿ ಕತ್ತರಿಯಲ್ಲಿ ಕತ್ತರಿಸಿದಂತೆ ಮೊಂಡಾಗಿರುತ್ತದೆ, ಏಕೆಂದರೆ ಹಿಂದಿನ ವರ್ಷ ದಿಮ್ಮಿ ಕಡಿದಾಗ ಒಳಗೆ ಸುತ್ತಿಕೊಂಡಿದ್ದ ಅವೂ ಕಡಿದುಹೋಗಿದ್ದವು. ರೋಗವೆಂದು ಹೆದರಬೇಡಿ. ಆ ಎಳೆ ಸುಳಿಗೆ ಚಿಪ್ಪಿಲ್ಲದ ಬಸವನಹುಳುಗಳ ಕಾಟ ಮಾತ್ರ ನಿಜ; ಅವು ಹುಲ್ಲಿನಲ್ಲೇ ಅಡಗಿರುತ್ತವೆ, ಅದಕ್ಕೆ ತೆಗೆದ ಹುಲ್ಲನ್ನು ಅದೇ ದಿನ ದೂರ ಒಯ್ಯುತ್ತೇನೆ.

ಬೇರೆ ಜಾತಿಗಳನ್ನೂ ನೆಟ್ಟು ನೋಡಿದ್ದೇನೆ. ಪೂರ್ವ ಹಿಮಾಲಯದ ಮ್ಯೂಸಾ ಸಿಕ್ಕಿಮೆನ್ಸಿಸ್‌ನ ದಿಮ್ಮಿ ಇನ್ನೂ ದಪ್ಪ, ಎಲೆ ಗಟ್ಟಿ, ಗಾಳಿಗೆ ಬೇಗ ಸೀಳುವುದಿಲ್ಲ. ಆದರೆ ಒದ್ದೆ ಚಳಿಗೆ ನನ್ನಲ್ಲಿ ಎರಡು ಸಲ ಕೊಳೆಯಿತು. ಯುನ್ನಾನ್ ಕಡೆಯ ಮ್ಯೂಸೆಲ್ಲಾ ಲೇಸಿಯೋಕಾರ್ಪಾ ಗಿಡ್ಡ, ಹಳದಿ ತಾವರೆಯಂಥ ಹೂ ತಿಂಗಳುಗಟ್ಟಲೆ ನಿಲ್ಲುತ್ತದೆ. ಕೆಂಪೆಲೆಯ ಎನ್ಸೆಟೆ ನೋಡಲು ಎಲ್ಲಕ್ಕಿಂತ ಚೆಂದ, ಆದರೆ ಹಿಮಕ್ಕೆ ತಡೆಯದು, ಬುಡದಿಂದ ಕಂದೂ ಕೊಡದು, ಸತ್ತರೆ ಸತ್ತಂತೆಯೇ. ಅದನ್ನು ಪ್ರತಿ ವರ್ಷ ಅಗೆದು, ಎಲೆ ಕತ್ತರಿಸಿ, ಪಟ್ಟೆಯೊಳಗಿನ ನೀರು ಇಳಿಯಲು ನಾಲ್ಕು ದಿನ ತಲೆಕೆಳಗಾಗಿಟ್ಟು, ಹಿಮ ಮುಟ್ಟದ ಒಣ ಕೋಣೆಯಲ್ಲಿ ನಿಲ್ಲಿಸುತ್ತೇನೆ.

ಐದನೇ ಬೇಸಿಗೆಯಲ್ಲಿ ಬಾಸ್ಜೂ ಹೂ ಬಿಟ್ಟಿತು. ಸತತ ಮೂರು ಚಳಿಗಾಲ ಉಳಿಸಿಕೊಂಡಿದ್ದ ದಿಮ್ಮಿ ಅದು. ಮೊದಲು ಸಣ್ಣದೊಂದು ಎಲೆ ಬಂತು, ಅದರ ಹಿಂದೆಯೇ ಹಸಿರು ಹಳದಿ ಬಣ್ಣದ ಮೂತಿ ಹೊರಗೆ ಬಂದು ಬಾಗಿತು. ದಿನಕ್ಕೊಂದು ಹೂದಳ ಮೇಲೆತ್ತಿದಂತೆಲ್ಲ ಜೇನ್ನೊಣಗಳು ಮುತ್ತಿದವು. ನಾನು ಏಣಿ ಹಾಕಿ ಹತ್ತಿ ಒಂದು ಹೂವಿನ ಮಕರಂದವನ್ನು ಬೆರಳಲ್ಲಿ ತೆಗೆದು ಚೀಪಿದೆ, ಸಿಹಿಯಾಗಿತ್ತು. ಆ ದಿಮ್ಮಿಯ ಬಾಳು ಅಲ್ಲಿಗೆ ಮುಗಿಯಿತು. ಮುಂದಿನ ವಸಂತದಲ್ಲಿ ಕಡಿದು ಅದರ ಬುಡದಲ್ಲೇ ಹಾಸಿದೆ.

ಕಂದು ಬೇರ್ಪಡಿಸುವವರಿಗೆ ಒಂದು ಮಾತು. ಕತ್ತಿಯಂತೆ ಸಪೂರ ಎಲೆಯ, ಎರಡಡಿ ಎತ್ತರದ ಕಂದನ್ನು ಬೇಸಿಗೆಯ ಆರಂಭದಲ್ಲಿ, ಸ್ವಂತ ಬೇರಿರುವುದನ್ನು ನೋಡಿಕೊಂಡು ತೆಗೆಯಿರಿ. ಅಗಲ ಎಲೆಯ ಕಂದಿಗೆ ತಾಯಿಗಡ್ಡೆಯ ಜೊತೆ ಹಿಡಿತ ಕಡಿಮೆ, ಕಸುವೂ ಕಡಿಮೆ. ಆದರೆ ಎಲ್ಲವನ್ನೂ ತೆಗೆಯಬೇಡಿ. ಗುಂಪಾಗಿದ್ದರೆ ಹೊರಗಿನವು ನಡುವಿನವನ್ನು ಚಳಿಯಿಂದ ಕಾಯುತ್ತವೆ.

ಈ ವರ್ಷ ನಡುವಿನ ಎರಡಕ್ಕೆ ಮಾತ್ರ ಪಂಜರ ಕಟ್ಟಿದ್ದೇನೆ. ಸುತ್ತಲಿನ ಐದನ್ನು ಮೊಣಕಾಲೆತ್ತರಕ್ಕೆ ಕಡಿದು ತರಗೆಲೆ ಹೊದಿಸಿದ್ದೇನೆ. ಮೂರು ದಿನದಿಂದ ಮಳೆ, ನಡುವೆ ಹಿಮ. ಇವತ್ತು ಬೆಳಿಗ್ಗೆ ಹಲಗೆ ಸರಿಸಿ ಹುಲ್ಲಿನೊಳಗೆ ಮೊಣಕೈವರೆಗೆ ಕೈ ಇಳಿಸಿ ನೋಡಿದೆ, ಒಣಗಿಯೇ ಇದೆ.