ಟ್ರೇಲರ್ ಎಸಿ ನೀರು ಹಾಸಿಗೆ ಮೇಲೆ ಬೀಳ್ತಿತ್ತು, ಹೀಗೆ ಸರಿ ಆಯ್ತು

ಟೆಕ್ಸಾಸ್ ಸೆಕೆಗೆ ನಮ್ಮ ಟ್ರಾವೆಲ್ ಟ್ರೇಲರ್ (ಗಾಡಿ ಹಿಂದೆ ಎಳ್ಕೊಂಡು ಹೋಗೋ ಮನೆ) ಎಸಿ ಹಗಲೆಲ್ಲಾ ಓಡ್ತಾನೇ ಇರುತ್ತೆ, ಸಂಜೆ ಆದ್ರೆ ಸೀಲಿಂಗ್ ಗ್ರಿಲ್ ಸ್ಕ್ರೂ ಪಕ್ಕದಿಂದ ತೊಟ್ ತೊಟ್ ಅಂತ ನೀರು, ಅದೂ ನೇರ ಹಾಸಿಗೆ ಮೇಲೆ. ಮಳೆ ಇಲ್ಲ ಏನಿಲ್ಲ, ಹಾಗಾಗಿ ಎಸಿದೇ ನೀರು ಅಂತ ಗೊತ್ತಾಯ್ತು. ಈ ರೂಫ್‌ಟಾಪ್ ಎಸಿಗೆ ಮನೆ ಎಸಿ ಥರ ಡ್ರೈನ್ ಪೈಪ್ ಸಾಮಾನ್ಯವಾಗಿ ಇರಲ್ಲ, ಕಾಯಿಲ್‌ನಿಂದ ಟ್ರೇಗೆ ಇಳಿದ ನೀರು ತೂತಿನಿಂದ ಛಾವಣಿ ಮೇಲೆ ಹರಿದುಹೋಗ್ಬೇಕು. ಪವರ್ ಆಫ್ ಮಾಡಿ, ಮೇಲೆ ಹತ್ತಿ ಕವರ್ ಬಿಚ್ಚಿದ್ರೆ ಕಣಜ ಕಟ್ಟಿದ ಗೂಡಿನ ಮಣ್ಣು, ಕೊಳೆತ ಎಲೆ, ತೂತೆಲ್ಲಾ ಬ್ಲಾಕ್! ತಂತಿ ಹಾಕಿ ಬಿಡಿಸಿ ಒಂದು ಮಗ್ ನೀರು ಹುಯ್ದೆ, ಸರಾಗ ಹೋಯ್ತು.

ಆದ್ರೂ ಒಳಗೆ ಸ್ವಲ್ಪ ಒಸರ್ತಿತ್ತು. ಗ್ರಿಲ್ ತೆಗೆದು ನೋಡಿದ್ರೆ ಎಸಿನ ಛಾವಣಿಗೆ ಬಿಗಿದಿರೋ ನಾಲ್ಕೂ ಬೋಲ್ಟ್ ಕೈಲೇ ತಿರುಗ್ತಿವೆ, ರೋಡ್ ಅದುರಿಗೆ ಸಡಿಲ ಆಗಿ ಎಸಿ ಕೂರೋ 14 ಇಂಚು ಚೌಕದ ಛಾವಣಿ ತೂತಿನ ಸುತ್ತ ಇರೋ ಫೋಮ್ ಗ್ಯಾಸ್ಕೆಟ್ (ನೀರು ಒಳಗೆ ಬರದ ಹಾಗೆ ತಡೆಯೋ ಪಟ್ಟಿ) ಒತ್ತಿ ಕೂತಿರ್ಲಿಲ್ಲ. ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪ ತಿರುಗಿಸ್ತಾ, ಗ್ಯಾಸ್ಕೆಟ್ ಸುಮಾರು ಅರ್ಧ ಇಂಚಿಗೆ ಬರೋವರೆಗೆ ಟೈಟ್ ಮಾಡಿದೆ, ಅಷ್ಟೇ, ನಿಂತೋಯ್ತು. ಸಿಕ್ಕಾಪಟ್ಟೆ ಬಿಗಿದ್ರೆ ಟ್ರೇನೇ ಬಗ್ಗುತ್ತೆ ಹುಷಾರು. ಮೇಲೆ ಸುತ್ತ ಸಿಲಿಕಾನ್ ಬಳಿಯೋಕಂತೂ ಹೋಗ್ಬೇಡಿ, ನೀರು ಆಚೆ ಹೋಗೋ ದಾರಿನೇ ಮುಚ್ಚಿಹೋಗುತ್ತೆ.