‘ಸವೆದ್ಹೋಗಿದೆಯಂತೆ’: ಮಂಡಿನೋವಿನವರ ಜೊತೆ ಆರು ವಾರ

ನನ್ನ ಹತ್ತಿರ ಬರುವವರ ಕೈಯಲ್ಲಿ ಒಂದು ದೊಡ್ಡ ಎಕ್ಸ್‌ರೇ ಕವರ್ ಇದ್ದೇ ಇರುತ್ತದೆ. ಕೂರುವ ಮೊದಲೇ ಅದನ್ನು ಟೇಬಲ್ ಮೇಲಿಟ್ಟು, "ಸವೆದ್ಹೋಗಿದೆಯಂತೆ" ಅನ್ನುತ್ತಾರೆ. ಯಾರು ಹೇಳಿದರು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಡಾಕ್ಟರು, ಸ್ಕ್ಯಾನಿಂಗ್ ಸೆಂಟರಿನ ಹುಡುಗ, ನಾದಿನಿ. ಮುಂದಿನ ಮಾತುಗಳೂ ನನಗೆ ಬಾಯಿಪಾಠ: ಗ್ಯಾಪ್ ಕಮ್ಮಿ ಆಗಿದೆ, ಗ್ರೀಸ್ ಒಣಗಿದೆ, ಮೂಳೆಗೆ ಮೂಳೆ ಉಜ್ಜುತ್ತಿದೆ.

ನಾನು ಫಿಸಿಯೋಥೆರಪಿಸ್ಟ್. ಹನುಮಂತನಗರದ ಒಂದು ಏರು ರಸ್ತೆಯಲ್ಲಿ, ಹಳೇ ಮನೆಯ ಮೊದಲ ಮಹಡಿಯಲ್ಲಿ ನನ್ನ ಕ್ಲಿನಿಕ್. ಮಂಡಿನೋವಿನವರ ಕ್ಲಿನಿಕ್ ಮಹಡಿ ಮೇಲೆ ಯಾಕೆ ಅಂತ ಬೇಕಾದಷ್ಟು ಬೈಸಿಕೊಂಡಿದ್ದೇನೆ. ಕೆಳಗಿನ ಬಾಡಿಗೆ ನನ್ನ ಕೈಗೆ ಎಟುಕುವುದಿಲ್ಲ, ಅಷ್ಟೇ. ಬಹಳ ವರ್ಷ ನಾನೂ ‘ಸವೆತ’ ಅನ್ನೋ ಪದವನ್ನೇ ಬಳಸಿದೆ. ಹತ್ತು ದಿನ ಹೀಟು, ಕರೆಂಟು, ಮಲಗಿಕೊಂಡು ತೊಡೆ ಬಿಗಿ ಮಾಡುವ ಎರಡು ವ್ಯಾಯಾಮ. ಕೊನೆಗೆ ‘ಮೆಟ್ಟಿಲು ಹತ್ತಬೇಡಿ, ಕೆಳಗೆ ಕೂರಬೇಡಿ, ಜಾಸ್ತಿ ನಡೀಬೇಡಿ’ ಅನ್ನುವ ಬುದ್ಧಿಮಾತು. ಹತ್ತು ದಿನಕ್ಕೆ ಹಾಯ್ ಅನ್ನಿಸುತ್ತಿತ್ತು. ಆರು ತಿಂಗಳಿಗೆ ಅದೇ ಕವರ್, ಅದೇ ಮಂಡಿ ವಾಪಸ್.

ಎಡವಟ್ಟು ಎಲ್ಲಿದೆ ಅಂತ ನನಗೆ ತೋರಿಸಿಕೊಟ್ಟವರು ಗವಿಪುರದ ಒಬ್ಬ ಟೈಲರಮ್ಮ. 62 ವರ್ಷ. ಹೊಲಿಗೆ ಮಷಿನ್ ತುಳಿದೇ ಇಬ್ಬರು ಮಕ್ಕಳನ್ನು ಓದಿಸಿದವರು. ಬಟ್ಟೆ ಒಣಗಿಸೋಕೆ ಟೆರೇಸಿಗೆ ಹೋಗುವುದು ಬಿಟ್ಟಿದ್ದರು, ಮಾರ್ಕೆಟ್ಟಿಗೆ ಹೋಗುವುದು ಬಿಟ್ಟಿದ್ದರು. ಯಾಕಮ್ಮಾ ಅಂದೆ. "ಇರೋ ಒಂದ್ ಜೊತೆ ಚಪ್ಪಲಿ ಸವೆದ್ರೆ ಮದುವೆ ಮುಂಜಿಗೆ ಅಂತ ಎತ್ತಿಡ್ತೀವಿ ಅಲ್ವಾ? ಹಂಗೇ ಮಂಡೀನೂ ಎತ್ತಿಟ್ಟಿದೀನಿ" ಅಂದರು. ನನಗೆ ಮಾತೇ ಹೊರಡಲಿಲ್ಲ. ನಾವು ಕೊಟ್ಟ ಪದ ಹಿಡಿದುಕೊಂಡು ಲೆಕ್ಕ ಹಾಕಿದರೆ ಬರುವ ಉತ್ತರ ಅದೇ ತಾನೇ.

ಆಮೇಲೆ ನಾನು ಓದೋಕೆ ಕೂತೆ. ಡೆನ್ಮಾರ್ಕಿನಲ್ಲಿ ಎವಾ ರೂಸ್ ಮತ್ತು ಸೋರೆನ್ ಸ್ಕೌ ಅನ್ನುವ ಇಬ್ಬರು ಫಿಸಿಯೋಥೆರಪಿಸ್ಟ್‌ಗಳು 2013ರಲ್ಲಿ ‘ಗ್ಲ್ಯಾಡ್’ ಅನ್ನುವ ಕಾರ್ಯಕ್ರಮ ಶುರು ಮಾಡಿದ್ದರು. ಮಂಡಿ ಮತ್ತು ತೊಡೆಕೀಲಿನ (ಹಿಪ್ ಜಾಯಿಂಟಿನ) ಅಸ್ಥಿಸಂಧಿವಾತ, ಅಂದರೆ ನಾವು ‘ಸವೆತ’ ಅನ್ನುವ ಕಾಯಿಲೆ, ಇರುವವರಿಗೆ ಮೊದಲು ಎರಡು ಮೂರು ಪಾಠ. ಆಮೇಲೆ ವಾರಕ್ಕೆ ಎರಡು ಸಲದಂತೆ ಆರು ವಾರ, ಒಟ್ಟು 12 ಸಲ ಗುಂಪಿನಲ್ಲಿ ವ್ಯಾಯಾಮ. ಅಷ್ಟೇ. ನಾನು ಅವರ ತರಬೇತಿ ಪಡೆದವನಲ್ಲ, ನಾನು ಮಾಡಿದ್ದನ್ನು ಆ ಹೆಸರಿನಿಂದ ಕರೆಯುವ ಹಾಗೂ ಇಲ್ಲ. ಚೌಕಟ್ಟನ್ನು ಮಾತ್ರ ಎತ್ತಿಕೊಂಡೆ.

ಮೊದಲ ಬ್ಯಾಚ್ ಪೂರ್ತಿ ಎಡವಟ್ಟು. ಪ್ರೊಜೆಕ್ಟರ್ ಬಾಡಿಗೆಗೆ ತಂದು 40 ಸ್ಲೈಡ್ ಹಾಕಿದೆ. ಮಧ್ಯಾಹ್ನ ಮೂರು ಗಂಟೆ, ಎಂಟು ಜನ, ಕರ್ಟನ್ ಎಳೆದ ರೂಮು. ಹತ್ತೇ ನಿಮಿಷಕ್ಕೆ ಒಬ್ಬರು ಗೊರಕೆ ಹೊಡೆದರು. ಅದಕ್ಕಿಂತ ದೊಡ್ಡ ತಪ್ಪು ಮುಂದಿನ ವಾರದ್ದು. ಎಲ್ಲರಿಗೂ ಒಂದೇ ಎತ್ತರದ ಹಲಗೆ ಇಟ್ಟು, ಎಲ್ಲರಿಗೂ ಒಂದೇ ಲೆಕ್ಕ ಹತ್ತಿಳಿಸಿದೆ. ಒಬ್ಬ ರಿಟೈರ್ಡ್ ಮೇಷ್ಟ್ರ ಮಂಡಿ ಊದಿಕೊಂಡು ನಾಲ್ಕು ದಿನ ಮಲಗಿದರು. "ವ್ಯಾಯಾಮದಿಂದಲೇ ಇನ್ನೂ ಸವೆಯಿತು" ಅಂತ ಅವರ ಮಗ ಫೋನಿನಲ್ಲಿ ಕೂಗಾಡಿದ. ತಪ್ಪು ನಂದೇ, ಕೇಳಿಸಿಕೊಂಡೆ.

ಎರಡನೇ ಬ್ಯಾಚಿಗೆ ಪ್ರೊಜೆಕ್ಟರ್ ಇಲ್ಲ. ಒಂದು ಫ್ಲಾಸ್ಕ್ ಕಾಫಿ, ಒಂದು ಬೋಗುಣಿ ನೀರು, ಪಾತ್ರೆ ಉಜ್ಜುವ ಹೊಸ ಸ್ಪಂಜು.

ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪಾದ ಮೆತ್ತೆ, ಅಂದರೆ ಕಾರ್ಟಿಲೇಜಿಗೆ, ರಕ್ತನಾಳ ಇಲ್ಲ. ಅದಕ್ಕೆ ಊಟ ಬರುವುದು ಕೀಲಿನೊಳಗಿನ ದ್ರವದಿಂದ. ಭಾರ ಬಿದ್ದಾಗ ಒತ್ತಿಕೊಂಡು ದ್ರವ ಹೊರಗೆ ಹೋಗುತ್ತದೆ, ಭಾರ ತೆಗೆದಾಗ ಒಳಗೆ ಬರುತ್ತದೆ. ಇದನ್ನು ಬಾಯಲ್ಲಿ ಹೇಳುವ ಬದಲು ಸ್ಪಂಜನ್ನು ಅವರ ಕೈಗೇ ಕೊಟ್ಟೆ. ಒತ್ತಿ, ಬಿಡಿ. ಇನ್ನೊಂದನ್ನು ಹಿಂದಿನ ದಿನವೇ ಕಿಟಕಿ ಮೇಲೆ ಇಟ್ಟು ಒಣಗಿಸಿದ್ದೆ, ಅದನ್ನೂ ಕೊಟ್ಟೆ. ಟೈಲರಮ್ಮ ಎರಡನ್ನೂ ಹಿಂಡಿ ನೋಡಿದರು. "ಅಂದ್ರೆ ಸುಮ್ನೆ ಕೂತ್ರೆ ಒಣಗೋದು" ಅಂದರು. ಪೂರ್ತಿ ಸರಿಯಾದ ಹೋಲಿಕೆ ಅಲ್ಲ, ನನಗೂ ಗೊತ್ತು. ಆದರೆ ಚಪ್ಪಲಿಗಿಂತ ವಾಸಿ.

ಆಮೇಲೆ ಅವರದೇ ಎಕ್ಸ್‌ರೇ ತೆಗೆದು ಟ್ಯೂಬ್‌ಲೈಟಿಗೆ ಹಿಡಿದೆ. ಎರಡೂ ಮಂಡಿ ಒಂದೇ ಫಿಲ್ಮಿನಲ್ಲಿ. ಬಲಗಡೆ ಗ್ಯಾಪ್ ಹೆಚ್ಚುಕಮ್ಮಿ ಮುಚ್ಚಿಹೋಗಿತ್ತು, ಅಂಚಿನಲ್ಲಿ ಮೂಳೆ ಮುಳ್ಳಿನ ಹಾಗೆ ಬೆಳೆದಿತ್ತು. ಎಡಗಡೆ ಪರವಾಗಿಲ್ಲ. ಯಾವುದು ಜಾಸ್ತಿ ನೋವು ಅಂದೆ. "ಎಡಗಾಲು." ಗುಂಪಿನಲ್ಲಿ ಎಲ್ಲರೂ ಬಗ್ಗಿ ನೋಡಿದರು. ಎಕ್ಸ್‌ರೇಯಲ್ಲಿ ಕಾಣುವುದಕ್ಕೂ ನೋವಿಗೂ ನೇರ ಲೆಕ್ಕ ಇಲ್ಲ ಅನ್ನೋದನ್ನು ಎಷ್ಟು ಸಲ ಹೇಳಿದ್ದೆನೋ. ಅವತ್ತು ನಾನು ಹೇಳಬೇಕಾಗಲಿಲ್ಲ. ತೊಂದರೆ ಇರುವುದು ಇಡೀ ಕೀಲಿನಲ್ಲಿ: ಮೂಳೆ, ಒಳಪದರ, ಸುತ್ತಲಿನ ಸ್ನಾಯು ಎಲ್ಲದರಲ್ಲೂ. ಅದರಲ್ಲಿ ಸ್ನಾಯು ಒಂದನ್ನು ನಾವು ಬಲಪಡಿಸಬಹುದು. ನಿದ್ದೆ ಕೆಟ್ಟರೆ, ಭಯ ಇದ್ದರೆ ಅದೇ ನೋವು ದುಪ್ಪಟ್ಟು ಅನ್ನಿಸುತ್ತದೆ.

ಎಲ್ಲರನ್ನೂ ಗುಂಪಿಗೆ ಸೇರಿಸುವುದಿಲ್ಲ. ಮಂಡಿ ಬಿಸಿಯಾಗಿ ಕೆಂಪಗೆ ಊದಿದ್ದರೆ, ಜೊತೆಗೆ ಜ್ವರ ಇದ್ದರೆ, ಬೆಳಗಿನ ಬಿಗಿತ ಒಂದು ಗಂಟೆ ದಾಟಿ ಬೆರಳುಗಳೂ ಊದಿದ್ದರೆ ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ.

ತೊಡೆಕೀಲಿನವರ ವಿಷಯದಲ್ಲಿ ನಮ್ಮ ಭಾಷೆಯೇ ದಾರಿ ತಪ್ಪಿಸುತ್ತದೆ. ‘ಸೊಂಟ ನೋವು’ ಅಂದರೆ ನಾವು ಬೆನ್ನಿನ ಕೆಳಭಾಗ ಮುಟ್ಟಿ ತೋರಿಸುತ್ತೇವೆ. ನಿಜವಾದ ತೊಡೆಕೀಲಿನ ನೋವು ಸಾಮಾನ್ಯವಾಗಿ ತೊಡೆಸಂದಿಯಲ್ಲಿ ಬರುತ್ತದೆ, ಕೆಲವರಿಗೆ ತೊಡೆಯಲ್ಲಿ, ಇನ್ನು ಕೆಲವರಿಗೆ ಬರೀ ಮಂಡಿಯಲ್ಲಿ. ಒಬ್ಬ ಆಟೋ ಡ್ರೈವರ್ ವರ್ಷವಿಡೀ ಮಂಡಿಗೆ ಎಣ್ಣೆ ತಿಕ್ಕಿದ್ದರು. ಕಾಲುಗುರು ಕತ್ತರಿಸೋಕೆ ಆಗುತ್ತಾ ಅಂದೆ. ಹೆಂಡತಿ ಕತ್ತರಿಸುತ್ತಾಳೆ ಅಂದರು. ಮಲಗಿಸಿ, ಮಂಡಿ ಮಡಚಿ ತೊಡೆಯನ್ನು ಒಳಕ್ಕೆ ತಿರುಗಿಸಿದರೆ ಸ್ವಲ್ಪವೂ ಬಗ್ಗಲಿಲ್ಲ. ತಿಕ್ಕಿದ ಎಣ್ಣೆಯೆಲ್ಲ ತಪ್ಪು ವಿಳಾಸಕ್ಕೆ ಹೋಗಿತ್ತು.

ಈಗ ವ್ಯಾಯಾಮ. ನಮ್ಮ ಹಾಲ್‌ನದು ಹಳೇ ಕಾಲದ ಕೆಂಪು ರೆಡ್ ಆಕ್ಸೈಡ್ ನೆಲ, ಕನ್ನಡಿ ಥರ ನುಣುಪು. ಅದೇ ನನಗೆ ವರವಾಯಿತು. ಕಾಲಿನ ಕೆಳಗೆ ಮಡಚಿದ ನೆಲ ಒರೆಸುವ ಬಟ್ಟೆ ಇಡುತ್ತೇನೆ. ಒಂದು ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಬಟ್ಟೆಯ ಸಮೇತ ನಿಧಾನಕ್ಕೆ ಹಿಂದಕ್ಕೆ ಜಾರಿಸುವುದು, ಆಮೇಲೆ ಪಕ್ಕಕ್ಕೆ. ಜಾರುವ ಕಾಲಿಗಲ್ಲ, ನಿಂತ ಕಾಲಿಗೆ ಕೆಲಸ. ಎದುರಿಗೆ ಗೋಡ್ರೆಜ್ ಬೀರು, ಅದರ ಬಾಗಿಲಲ್ಲಿ ಉದ್ದ ಕನ್ನಡಿ. ನೋಡಬೇಕಾದ್ದು ಒಂದೇ: ಬಗ್ಗಿದಾಗ ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೆ ಇದೆಯಾ, ಒಳಗಡೆ ವಾಲುತ್ತಿದೆಯಾ? ಹೆಚ್ಚಿನವರದು ಒಳಕ್ಕೆ ವಾಲುತ್ತದೆ. ಸೀರೆ ಉಟ್ಟು ಬಂದರೆ ಮಂಡಿಯೇ ಕಾಣುವುದಿಲ್ಲ ಅಂತ ಎರಡನೇ ದಿನದಿಂದ ಚೂಡಿದಾರ್ ಹಾಕಿಕೊಂಡು ಬನ್ನಿ ಅಂದೆ. ಟೈಲರಮ್ಮ ಮಗಳ ಹಳೇ ಪ್ಯಾಂಟನ್ನು ತಾವೇ ಆಲ್ಟರ್ ಮಾಡಿ ಹಾಕಿಕೊಂಡು ಬಂದರು. ಮೂರನೇ ದಿನ ಗುಂಪಿನ ಇನ್ನಿಬ್ಬರಿಗೂ ಹೊಲಿದುಕೊಟ್ಟಿದ್ದರು. ಇದು ನನ್ನ ಪ್ಲಾನಿನಲ್ಲಿ ಇರಲಿಲ್ಲ.

ಉಳಿದದ್ದು ಸರಳ. ಮಲಗಿ ಸೊಂಟ ಎತ್ತುವುದು, ಕುರ್ಚಿಯಿಂದ ಎದ್ದು ಕೂರುವುದು, ಹಲಗೆ ಹತ್ತಿ ಇಳಿಯುವುದು, ರಬ್ಬರ್ ಪಟ್ಟಿ ಎಳೆಯುವುದು. ಕುರ್ಚಿ ಪ್ಲಾಸ್ಟಿಕ್ಕಿನದಾದರೆ ಗೋಡೆಗೆ ಒತ್ತಿ ಇಡಿ, ಆ ನೆಲದ ಮೇಲೆ ಅದೂ ಜಾರುತ್ತದೆ. ಹಲಗೆ ಮೊದಲು 4 ಇಂಚು, ಆಮೇಲೆ 6. ಯಾರಿಗೆ ಯಾವಾಗ ಅನ್ನೋದು ಅವರವರ ಮಂಡಿ ಹೇಳಿದಂತೆ. ಮೇಷ್ಟ್ರ ಪ್ರಕರಣ ಆದ ಮೇಲೆ ಇದರಲ್ಲಿ ನನಗೆ ಅವಸರ ಇಲ್ಲ.

ನೋವಿನ ವಿಷಯಕ್ಕೆ ಡೆನ್ಮಾರ್ಕಿನವರದೇ ಸಿಗ್ನಲ್ ಲೈಟ್ ಲೆಕ್ಕ. ಸೊನ್ನೆಯಿಂದ ಹತ್ತರವರೆಗೆ ನೋವನ್ನು ಅಳೆದರೆ, 2ರವರೆಗೆ ಹಸಿರು. 5ರವರೆಗೆ ಹಳದಿ, ಮುಂದುವರಿಸಬಹುದು. 5 ದಾಟಿದರೆ ಕೆಂಪು. ವ್ಯಾಯಾಮದ ನಂತರ ನೋವು ಏರಬಹುದು, ಆದರೆ 24 ಗಂಟೆಯೊಳಗೆ ಮಾಮೂಲಿಗೆ ಬಂದಿರಬೇಕು. ಬರದಿದ್ದರೆ ಮುಂದಿನ ಸಲ ಸ್ವಲ್ಪ ಕಮ್ಮಿ ಮಾಡಿ, ಬಿಡಬೇಡಿ. "ಹಳದಿಯಲ್ಲಿ ನುಗ್ಗೋದು ಬೆಂಗಳೂರಿನವರಿಗೆ ಹೇಳಿಕೊಡಬೇಕಾ?" ಅಂದರು ಆಟೋದವರು. ಅವರೇ ಎಲ್ಲರಿಗಿಂತ ಜಾಸ್ತಿ ಕೆಂಪಿನಲ್ಲಿ ನುಗ್ಗಿ, ನನ್ನ ಹತ್ತಿರ ಬೈಸಿಕೊಂಡರು.

ಮೊದಲ ದಿನ ಮತ್ತು ಕೊನೇ ದಿನ ಎರಡು ಅಳತೆ. 30 ಸೆಕೆಂಡಿನಲ್ಲಿ ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಏಳುತ್ತೀರಿ, 40 ಮೀಟರ್ ಬೇಗ ನಡೆಯೋಕೆ ಎಷ್ಟು ಸೆಕೆಂಡ್. ಟೆರೇಸಿನಲ್ಲಿ 10 ಮೀಟರ್ ಗೆರೆ ಎಳೆದಿದ್ದೇನೆ, ಎರಡು ಸಲ ಹೋಗಿ ಬರಬೇಕು. ಆದರೆ ಅವರಿಗೆ ಬೇಕಾದ ಅಳತೆಯೇ ಬೇರೆ. ಟೈಲರಮ್ಮನದು ಬಸ್ಸಿನ ಮೆಟ್ಟಿಲು. 2023ರಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಫ್ರೀ ಆಯ್ತು. "ಫ್ರೀ ಆಗಿ ಏನ್ ಮಾಡ್ಲಿ, ಹತ್ತೋಕೇ ಆಗಲ್ಲ" ಅನ್ನುತ್ತಿದ್ದರು. ಅದಕ್ಕೇ ಐದನೇ ವಾರ ಎರಡು ಹಲಗೆ ಒಂದರ ಮೇಲೊಂದು ಇಟ್ಟು, ಕಿಟಕಿಯ ಸರಳನ್ನೇ ಬಸ್ಸಿನ ಕಂಬಿ ಅಂತ ಹಿಡಿಸಿ ಹತ್ತಿಸಿದೆ.

ಕೆಳಗೆ ಕೂರುವ ಬಗ್ಗೆ ಎಲ್ಲರೂ ಕೇಳುತ್ತಾರೆ. ಪೂಜೆ, ಊಟ, ಮದುವೆಮನೆ. ಮೊದಲು ಖಡಾಖಂಡಿತ ಬೇಡ ಅನ್ನುತ್ತಿದ್ದೆ. ಈಗ ಅನ್ನುವುದಿಲ್ಲ. ನೋವು ಕೆರಳಿದ್ದಾಗ ಬೇಡ. ಉಳಿದ ದಿನ ಮಣೆ ಮೇಲೆ ಕಂಬಳಿ ಮಡಚಿ ಎತ್ತರ ಮಾಡಿಕೊಂಡು, ಸ್ವಲ್ಪ ಹೊತ್ತು. ನೆಲದಿಂದ ಏಳುವುದನ್ನು ಮರೆತರೆ ಬಿದ್ದ ದಿನ ಏನು ಮಾಡುತ್ತೀರಿ? ಇದು ನನ್ನ ಅಭಿಪ್ರಾಯ. ಒಪ್ಪದ ಡಾಕ್ಟರು ಇದ್ದಾರೆ.

ಮಂಡಿ ಬೆಲ್ಟು, ಸಾವಿರಾರು ರೂಪಾಯಿಯ ಎಣ್ಣೆ, ಗ್ಲುಕೋಸಮೈನ್ ಮಾತ್ರೆ ಇವಕ್ಕೆಲ್ಲ ದುಡ್ಡು ಖರ್ಚು ಮಾಡಬೇಡಿ ಅಂತಷ್ಟೇ ಹೇಳುತ್ತೇನೆ. ತೂಕದ ಮಾತು ಎತ್ತಿದರೆ ಎಲ್ಲರ ಮುಖ ಬಾಡುತ್ತದೆ, ಅದಕ್ಕೇ ಒಂದೇ ಲೆಕ್ಕ: 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು 4 ಕೆಜಿ ಕಮ್ಮಿ.

ಆಪರೇಷನ್ನಿಗೆ ನಾನು ವಿರೋಧಿ ಅಂತ ಕೆಲವರು ತಿಳಿದಿದ್ದಾರೆ. ಇಲ್ಲ. ಸ್ಕೌ ಮತ್ತು ಜೊತೆಯವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಂಡಿ ಬದಲಿಸಬಹುದು ಅನ್ನಿಸಿದ 100 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಆಪರೇಷನ್ ಜೊತೆಗೆ ವ್ಯಾಯಾಮ, ಪಾಠ, ಊಟದ ಸಲಹೆ ಎಲ್ಲ. ಇನ್ನೊಂದಕ್ಕೆ ಆಪರೇಷನ್ ಬಿಟ್ಟು ಉಳಿದದ್ದು. ವರ್ಷದ ಕೊನೆಗೆ ಆಪರೇಷನ್ ಆದವರಿಗೇ ಹೆಚ್ಚು ಆರಾಮ. ಗಂಭೀರ ತೊಡಕುಗಳೂ ಅವರಲ್ಲೇ ಹೆಚ್ಚು. ಆದರೆ ಇನ್ನೊಂದು ಗುಂಪಿನ 50 ಜನರಲ್ಲಿ ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡವರು 13 ಜನ ಮಾತ್ರ. ಎರಡನ್ನೂ ಗುಂಪಿನ ಮುಂದೆ ಇಡುತ್ತೇನೆ. ಆ ಬ್ಯಾಚಿನ ಆಟೋದವರು ಕೊನೆಗೆ ತೊಡೆಕೀಲು ಬದಲಿಸಿಕೊಂಡರು. ಆರು ವಾರ ಮಾಡಿದ ವ್ಯಾಯಾಮ ದಂಡ ಆಯ್ತಾ ಅಂತ ಕೇಳಿದೆ. ಆಪರೇಷನ್ ಆದ ಮೇಲೆ ವಾಕರ್ ಹಿಡಿದು ಮೊದಲ ಸಲ ಎದ್ದಾಗ, ಏಳೋದು ಹೇಗೆ ಅಂತ ಕಾಲಿಗೆ ಗೊತ್ತಿತ್ತು ಅಂದರು.

ಇಬ್ಬರು ಮೂರನೇ ವಾರಕ್ಕೇ ಬಿಟ್ಟರು. ಒಬ್ಬರಿಗೆ ಮೊಮ್ಮಗು ನೋಡಿಕೊಳ್ಳೋಕೆ ಹೋಗಬೇಕಾಯ್ತು, ಇನ್ನೊಬ್ಬರಿಗೆ ಬೋರಾಯ್ತು. ಮುಗಿಸಿದವರಲ್ಲೂ ಮನೆಯಲ್ಲಿ ಮುಂದುವರಿಸುತ್ತಿರುವವರು ಅರ್ಧ ಇರಬಹುದು. ನಿಲ್ಲಿಸಿದರೆ ಗಳಿಸಿದ್ದು ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ಇದಕ್ಕೆ ನನಗಿನ್ನೂ ಒಳ್ಳೇ ಉಪಾಯ ಸಿಕ್ಕಿಲ್ಲ. ಸದ್ಯಕ್ಕೆ ಬುಧವಾರ ಸಾಯಂಕಾಲ ಹಳೇ ಬ್ಯಾಚಿನವರು ಯಾರು ಬೇಕಾದರೂ ಬರಬಹುದು, ಫೀಸಿಲ್ಲ, ಕಾಫಿ ಅವರದೇ.

ಟೈಲರಮ್ಮ ಮೊದಲ ದಿನ 30 ಸೆಕೆಂಡಿನಲ್ಲಿ 6 ಸಲ ಎದ್ದಿದ್ದರು, ಕೊನೇ ದಿನ 11. ಅದಾದ ಮರುವಾರವೇ ಕಾರ್ತಿಕದ ಕೊನೇ ಸೋಮವಾರ, ಕಡಲೆಕಾಯಿ ಪರಿಷೆ. ಮಂಗಳವಾರ ಬೆಳಗ್ಗೆ ಅವರ ಫೋನ್ ಬಂತು. ರಾಮಕೃಷ್ಣ ಆಶ್ರಮದ ಹತ್ತಿರ ಬಸ್ ಇಳಿದು, ಆ ಜನದಲ್ಲಿ ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ನಡೆದು ಬಸವಣ್ಣನ ಗುಡಿಯವರೆಗೆ ಹೋಗಿ ಬಂದಿದ್ದರಂತೆ.

"ರಾತ್ರಿ ಐದಿತ್ತು. ಈಗ ಮೂರಿದೆ. ಇನ್ನೂ ಇಪ್ಪತ್ನಾಲ್ಕು ಗಂಟೆ ಆಗಿಲ್ಲ ಅಲ್ವಾ?"

ಆಗಿಲ್ಲ ಅಂದೆ.

"ಹಾಗಾದ್ರೆ ನಾಳೆ ಬರ್ತೀನಿ. ಕಡಲೆಕಾಯಿ ಹಸೀದು ತರ್ಲಾ, ಹುರಿದಿದ್ದು ತರ್ಲಾ?"